ಇಬ್ಬರಿಗೂ ಒಂದೇ ಬೆರಳು

ಸೈಪ್ರೋಸ್ ಅವಿನೊ ಮೀನು ಹೊಗೆಯಾಡಿಸಿ ಮಾರುವ ಹೆಂಗಸು. ಸರೋವರದ ದಂಡೆಯ ಕೊಬೊಂಗೊಗೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡರೂ ಊರವರ ಬಾಯಲ್ಲಿ ಅವಳು ಇನ್ನೂ 'ನ್ಯಾರ್ ಉಯೋಮ', ಅಂದರೆ ಉಯೋಮದ ಮಗಳು. ಉಯೋಮದವರು ಯಾರಿಗೂ ತಲೆ ತಗ್ಗಿಸುವುದಿಲ್ಲ ಎಂದು ಆ ಕಡೆಯೆಲ್ಲ ಹೆಸರು. ಆ ಹೆಸರು ಉಳಿಸುವ ಹೊಣೆ ತನ್ನೊಬ್ಬಳ ಮೇಲೇ ಬಿದ್ದಿದೆ ಎಂಬಂತೆ ಅವಳು ಬದುಕುತ್ತಿದ್ದಳು. ಬೆಳಗ್ಗೆ ದೋಣಿಗಳು ದಡ ಮುಟ್ಟಿದಾಗ ಅವಳು ಬಾಯಿ ತೆರೆದರೆ ಬೆಸ್ತರು ಬಲೆ ಕೊಡವುವ ನೆಪದಲ್ಲಿ ಆ ಕಡೆ ತಿರುಗಿಬಿಡುತ್ತಿದ್ದರು. ಮೊಮ್ಮಕ್ಕಳಿಗೆ ಮಾತ್ರ ಅವಳು 'ದಾನಿ'. ಅಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

ಮೊಮ್ಮಕ್ಕಳು ಅವಳಿಗಳು. ಮೊದಲು ಬಂದವಳು ಅಪಿಯೊ, ಹಿಂದೆ ಬಂದವಳು ಅಡೊಂಗೊ. ಈ ಹೆಸರುಗಳನ್ನು ಯಾರೂ ಕೂತು ಆಲೋಚಿಸಿ ಇಡಬೇಕಾಗಿಲ್ಲ, ಅವಳಿ ಹೆಣ್ಣುಮಕ್ಕಳಿಗೆ ಅವೇ ಹೆಸರು. ಇಬ್ಬರೂ ಒಂದೇ ಅಚ್ಚಿನವರು. ಅಪ್ಪ ಜೋರಮ್ ಮೀನು ಹಿಡಿಯಲು ದ್ವೀಪಗಳ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ಎರಡು ದಿನ ಇಬ್ಬರನ್ನೂ 'ಮಗಳೇ' ಎಂದಷ್ಟೇ ಕರೆದು ಮಾನ ಉಳಿಸಿಕೊಳ್ಳುತ್ತಿದ್ದ. ತಾಯಿ ಲಿಲಿಯನ್ ಮಾತು ಕಡಿಮೆಯವಳು. ಅತ್ತೆಯ ಮಾತೇ ಇಡೀ ಮನೆಗೆ ಸಾಕಾಗಿ ಉಳಿಯುತ್ತಿತ್ತು, ಹಾಗಾಗಿ ಆಡುವ ಅಗತ್ಯವೂ ಅವಳಿಗೆ ಬಿದ್ದಿರಲಿಲ್ಲ.

ವಿಶ್ವವಿದ್ಯಾಲಯದವರು ಊರಿಗೆ ಬಂದಾಗ ಹುಡುಗಿಯರಿಗೆ ಮೂರು ವರ್ಷ. ಮುಖಂಡನ ಮನೆ ಮುಂದಿನ ಮರದ ನೆರಳಲ್ಲಿ ಸಭೆ ಸೇರಿತು. ಮಾತಾಡಿದವಳು ಡಾಕ್ಟರ್ ಫೀಬಿ ಅಓಕೊ. ಅವಳೂ ಲುವೊ ಕುಲದವಳೇ, ಆದರೆ ನೈರೋಬಿಯಲ್ಲಿ ಹುಟ್ಟಿ ಬೆಳೆದು ಪರದೇಶದಲ್ಲಿ ಓದಿದವಳು. ಮುಳ್ಳಿನ ಮೀನು ತಿನ್ನುವವರ ಹಾಗೆ ಲುವೊ ಮಾತನ್ನು ಮೆಲ್ಲಗೆ, ಹುಷಾರಾಗಿ ಆಡುತ್ತಿದ್ದಳು. ಐದು ವರ್ಷದೊಳಗಿನ ಮಕ್ಕಳ ಬೆರಳಿನಿಂದ ತಿಂಗಳಿಗೊಮ್ಮೆ ಒಂದೆರಡು ತೊಟ್ಟು ರಕ್ತ ಬೇಕು ಎಂದು ಅವಳು ಹೇಳಿದ್ದೇ ತಡ, ನ್ಯಾರ್ ಉಯೋಮ ಎದ್ದು ನಿಂತಳು.

"ರಕ್ತ ತಗೊಂಡ್ ಹೋಗಿ ಏನ್ ಮಾಡ್ತೀರಿ?"

"ಪರೀಕ್ಷೆ ಮಾಡ್ತೀವಿ, ಅಮ್ಮಾ."

"ಮಾಡಿದ್ಮೇಲೆ ಚೆಲ್ತೀರೋ?"

"ಇಲ್ಲ, ಸ್ವಲ್ಪ ಇಟ್ಕೋತೀವಿ. ಮುಂದೆ ಬೇಕಾಗತ್ತೆ."

"ಯಾತರಲ್ಲಿ ಇಟ್ಕೋತೀರಿ?"

"ಫ್ರಿಜ್ಜಲ್ಲಿ."

"ಕೇಳಿದ್ರಾ!" ಅವಳು ಜನರತ್ತ ತಿರುಗಿದಳು. "ಮಾರೋ ಸಾಮಾನಲ್ದೆ ಫ್ರಿಜ್ಜಲ್ಲಿ ಇನ್ನೇನ್ ಇಡ್ತಾರೆ? ಒಡಿಂಬೊ ಅಂಗಡೀಲಿ ಸೋಡಾ ಇಡಲ್ವಾ?"

ಸಭೆಯಲ್ಲಿ ಗುಜುಗುಜು ಎದ್ದಿತು. ರಕ್ತ ಮಾರುವವರ ಕಥೆ ಎಲ್ಲರೂ ಕೇಳಿದ್ದೇ. ಡಾಕ್ಟರ್ ಅಓಕೊ ಸುಸ್ತಾದವಳಂತೆ ಕಾಗದಗಳನ್ನು ಮಡಿಸಿಟ್ಟು, ತಡವರಿಸುತ್ತಲೇ ಹೇಳಿದಳು: "ಅಮ್ಮಾ, ಒಂದೇ ಮನೆ, ಒಂದೇ ಸೊಳ್ಳೆ. ಒಂದು ಮಗು ಜ್ವರ ಬಂದು ಎರಡೇ ದಿನಕ್ಕೆ ಹೋಗ್ಬಿಡತ್ತೆ. ಇನ್ನೊಂದು ಅದೇ ಹುಳಾನ ರಕ್ತದಲ್ಲಿಟ್ಕೊಂಡು ಅಂಗಳದಲ್ಲಿ ಕುಣೀತಿರತ್ತೆ. ಯಾಕೆ ಅಂತ ನಮಗೆ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋದಕ್ಕೇ ಬಂದಿರೋದು."

ನ್ಯಾರ್ ಉಯೋಮಳ ಬಾಯಲ್ಲಿ ಮುಂದಿನ ಮಾತು ಸಿದ್ಧವಾಗಿತ್ತು. ಆದರೆ ಹೊರಬಿದ್ದದ್ದು ಬೇರೆ. "ನಾನ್ ಹೆತ್ತಿದ್ದು ಐದು," ಎಂದಳು. "ಎರಡನ್ನ ಮನೆ ಹಿಂದೆ ಮಣ್ಣು ಮಾಡಿದೀನಿ. ಯಾಕೆ ಆ ಎರಡೇ ಅಂತ ನಾನೂ ಕೇಳಿದ್ದೆ. ಯಾರೂ ಹೇಳ್ಲಿಲ್ಲ."

ಹೇಳಿದ ಮೇಲೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಕುಳಿತುಬಿಟ್ಟಳು. ಆ ದಿನ ಊರು ಒಪ್ಪಿದ್ದು ಡಾಕ್ಟರಳ ವಿವರಣೆಗಲ್ಲ, ನ್ಯಾರ್ ಉಯೋಮ ಸುಮ್ಮನಾದಳಲ್ಲ, ಅದಕ್ಕೆ.

ಮಾರನೆಯ ವಾರ ವಿಶ್ವವಿದ್ಯಾಲಯದ ಕೆಲಸಗಾರ ಜಬ್ಲೋನ್ ಮೋಟಾರ್ ಸೈಕಲ್ಲಿನಲ್ಲಿ ಮನೆಗೆ ಬಂದ. ಪಕ್ಕದೂರಿನವನು, ನಗುಮುಖದವನು, ಊರಿನ ನಾಯಿಗಳೆಲ್ಲ ಅಟ್ಟಿಸಿಕೊಂಡು ಬಂದರೂ ಬೇಸರಿಸದವನು. ಅವಳಿಗಳು ಡಾಕ್ಟರಿಗೆ ತುಂಬ ಬೇಕಾಗಿದ್ದಾರೆ, ಅಂಥ ಜೋಡಿ ಈ ಸುತ್ತಮುತ್ತ ಇದೊಂದೇ ಎಂದ. ಹೆಸರು ಸೇರಿಸಿದರೆ ಮಕ್ಕಳಿಗೆ ಯಾವಾಗ ಹುಷಾರಿಲ್ಲದಿದ್ದರೂ ಅವರ ಚಿಕಿತ್ಸಾಲಯದಲ್ಲಿ ಪುಕ್ಕಟೆ ಔಷಧಿ. ಔಷಧಿಯ ಮಾತನ್ನು ಸೈಪ್ರೋಸ್ ಅರ್ಧ ಕಿವಿಯಲ್ಲಿ ಕೇಳಿದಳು. 'ಇದೊಂದೇ ಜೋಡಿ' ಎಂಬುದನ್ನು ಮಾತ್ರ ಎರಡು ಸಲ ಹೇಳಿಸಿಕೊಂಡಳು.

ಶಾಲೆಯ ಬಯಲಿನಲ್ಲಿ ಗುಡಾರ ಹಾಕಿದ ಮೊದಲ ದಿನ ಅಪಿಯೊ ಬೆರಳು ಚಾಚಿ, ಚುಚ್ಚಿದಾಗ ಒಮ್ಮೆ ಮುಖ ಹಿಂಡಿ, ಬಿಸ್ಕತ್ತು ಇಸಿದುಕೊಂಡು ಬಂದಳು. ಅಡೊಂಗೊ ಸೂಜಿ ನೋಡಿದವಳೇ ಕಿರುಚಿ, ಉಸಿರು ಹಿಡಿದು, ಕಣ್ಣು ಮೇಲೆ ಮಾಡಿ, ಕೊನೆಗೆ ಜಬ್ಲೋನನ ಹೆಬ್ಬೆರಳು ಕಚ್ಚಿ ಓಡಿಹೋದಳು. ಅವಳ ಪಾಲಿನ ರಕ್ತ ಬರಬೇಕಿದ್ದ ಜಾಗದಲ್ಲಿ ಜಬ್ಲೋನನದೇ ನಾಲ್ಕು ಹನಿ ಬಂತು.

"ಇನ್ನೊಂದ್ ತಿಂಗಳು ನೋಡೋಣ, ಅಮ್ಮಾ," ಬೆರಳಿಗೆ ಹತ್ತಿ ಒತ್ತಿಕೊಳ್ಳುತ್ತ ಅವನು ಹೇಳಿದ. "ಆಗ್ಲೂ ಆಗ್ಲಿಲ್ಲಾಂದ್ರೆ ಇಬ್ಬರ್ನೂ ಬಿಡಬೇಕಾಗತ್ತೆ. ಜೋಡಿ ಇದ್ರೇನೇ ಜೋಡಿ."

ಆ ತಿಂಗಳಿಡೀ ಮನೆಯಲ್ಲಿ ಯಾರಾದರೂ ಹೊಲಿಗೆ ಸೂಜಿ ತೆಗೆದರೂ ಅಡೊಂಗೊ ಮಂಚದ ಕೆಳಗೆ ಸೇರುತ್ತಿದ್ದಳು. ಎಳೆದರೆ ಮೈಯೆಲ್ಲ ನಡುಗುತ್ತಿತ್ತು. ಅಜ್ಜಿಗೆ ಅವಳ ಮೇಲೆ ಒಂದು ಕೂದಲೆಳೆ ಹೆಚ್ಚು ಪ್ರೀತಿ. ಆ ಮಗುವನ್ನು ಹಿಡಿದು ಚುಚ್ಚಿಸುವುದು ಅಜ್ಜಿಯಿಂದಾಗದು, ಊರಿಗಿದ್ದ ಒಂದೇ ಜೋಡಿಯನ್ನು ಬಿಟ್ಟುಕೊಡುವುದೂ ಆಗದು. ಗುರುತಿಗೆಂದು ಡಾಕ್ಟರೇ ಅಪಿಯೊಳ ಮಣಿಕಟ್ಟಿಗೆ ಕೆಂಪು ದಾರ, ಅಡೊಂಗೊಗೆ ಬಿಳಿ ದಾರ ಕಟ್ಟಿಸಿದ್ದಳು. ಎರಡನೆಯ ತಿಂಗಳು ಅಪಿಯೊ ಕೆಂಪು ದಾರದಲ್ಲಿ ಒಳಗೆ ಹೋಗಿ ಎಡಗೈ ಕೊಟ್ಟು ಬಂದಳು. ಶಾಲೆಯ ಗೋಡೆಯ ಹಿಂದೆ ಅಜ್ಜಿ ದಾರ ಬದಲಿಸಿ, ಅಂಗಿ ಬದಲಿಸಿ, ಮುಖ ಒರೆಸಿ ಮತ್ತೆ ಕಳಿಸಿದಳು. ಈ ಸಲ ಬಲಗೈ.

ಲಿಲಿಯನ್ ಗೋಡೆಯ ಹಿಂದೆಯೇ ನಿಂತಿದ್ದಳು. "ಅಮ್ಮಾ, ಇದು ತಪ್ಪಲ್ವಾ?"

"ಏನ್ ತಪ್ಪು? ಒಂದೇ ಹೊಟ್ಟೇಲಿ ಒಂದೇ ಸಲ ಇದ್ದೋರು. ಒಂದೇ ಪಾತ್ರೆ ಸಾರು, ಈ ಕಡೆಯಿಂದ ಬಡಿಸಿದ್ರೇನು ಆ ಕಡೆಯಿಂದ ಬಡಿಸಿದ್ರೇನು? ಮಗು ಅಳೋದು ತಪ್ಪತ್ತೆ, ಅವರ ಕೆಲಸಾನೂ ಆಗತ್ತೆ. ಯಾರಿಗ್ ನಷ್ಟ ಹೇಳು."

ಅಪಿಯೊ ಎರಡು ಬಿಸ್ಕತ್ತು ಹಿಡಿದು ಬಂದಳು. ಅವಳಿಗಳಿಗೆ ಏನೇ ಕೊಟ್ಟರೂ ಸಮಪಾಲು ಎಂಬುದು ಕಟ್ಟಳೆ, ಆದ್ದರಿಂದ ಒಂದನ್ನು ಅಡೊಂಗೊಗೆ ಕೊಡಬೇಕಾಯಿತು. ಇದರಲ್ಲೇನೋ ಅನ್ಯಾಯವಿದೆ ಎಂದು ಅಪಿಯೊಗೆ ಅನ್ನಿಸಿರಬೇಕು, ತಿಂಗಳು ಕಳೆದ ಹಾಗೆ ಅವಳು ದರ ಏರಿಸಿದಳು. ಮೊದಲು ಅಜ್ಜಿಯ ಬೆನ್ನ ಮೇಲೆ ಮನೆವರೆಗೆ ಸವಾರಿ, ಆಮೇಲೆ ಬೇಯಿಸಿದ ಮೊಟ್ಟೆ. ಹೆಸರೇನೆಂದು ಜಬ್ಲೋನ್ ಕೇಳಿದರೆ ಮೊದಲ ಸಲ "ಅಪಿಯೊ", ಎರಡನೆಯ ಸಲ "ಅಡೊಂಗೊ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು. ತೂಕವೂ ಎರಡು ಸಲ ಅವಳದೇ. ಎರಡು ಸಲವೂ ಒಂದೇ ಬರುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಆಶ್ಚರ್ಯವಾದದ್ದು ವಿಶ್ವವಿದ್ಯಾಲಯಕ್ಕೆ. ವರ್ಷ ತುಂಬುವ ಹೊತ್ತಿಗೆ ಡಾಕ್ಟರ್ ಅಓಕೊ ತಾನೇ ಮನೆಗೆ ಬಂದಳು, ಜೊತೆಗೆ ಬೆನ್ನು ಬಾಗಿದ ಬಿಳಿಯ ಪ್ರೊಫೆಸರೊಬ್ಬರು. ಸುತ್ತಲಿನ ಮಕ್ಕಳೆಲ್ಲ ಒಂದಲ್ಲ ಒಂದು ಸಲ ಜ್ವರದಲ್ಲಿ ಮಲಗಿದ್ದಾಗ ಈ ಇಬ್ಬರ ರಕ್ತ ಪ್ರತಿ ತಿಂಗಳೂ ಗಟ್ಟಿ, ಪ್ರತಿ ತಿಂಗಳೂ ಶುದ್ಧ. ಹಳೆಯ ಪುಸ್ತಕಗಳಲ್ಲಿರುವ ಯಾವ ಕಾರಣವೂ ಇವರಿಗೆ ಹೊಂದುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇಬ್ಬರ ರಕ್ತದಲ್ಲಿ ಸಾಸಿವೆಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಪ್ರೊಫೆಸರರು ತಮ್ಮ ಭಾಷೆಯಲ್ಲಿ ಉದ್ದವಾಗಿ ಏನೋ ಹೇಳಿದರು.

"ಇಷ್ಟು ವರ್ಷದಲ್ಲಿ ಇಷ್ಟೊಂದು ಒಂದೇ ಥರದ ಎರಡು ಮಕ್ಕಳನ್ನ ತಾವು ನೋಡೇ ಇಲ್ವಂತೆ," ಎಂದು ಡಾಕ್ಟರ್ ಅಓಕೊ ತಿಳಿಸಿದಳು.

"ಅವಳಿಗಳಲ್ವಾ," ಎಂದಳು ಸೈಪ್ರೋಸ್, ಚಹಾ ಬಗ್ಗಿಸುತ್ತ.

ಲಿಲಿಯನ್ ಅಡುಗೆ ಗುಡಿಸಲಿನ ಒಳಗೆ ಹೋಗಿ ಬೇಕಿಲ್ಲದಿದ್ದರೂ ಒಲೆ ಊದುತ್ತ ಕೂತಳು.

"ಏನ್ ತಿನ್ನಿಸ್ತೀರಿ ಇವರಿಗೆ?" ಪ್ರೊಫೆಸರರ ಪರವಾಗಿ ಡಾಕ್ಟರ್ ಕೇಳಿದಳು.

"ಒಮೆನಾ," ಎಂದಳು ಸೈಪ್ರೋಸ್, ತಾನೇ ಒಣಗಿಸಿ ಮಾರುವ ಪುಟ್ಟ ಮೀನಿನ ಕಡೆ ಕೈ ತೋರಿಸಿ. "ಹಾಲಿನ ಕೆನೆ ಹಾಕಿ ಸಾರು. ಬೇರೆಯವರ ಥರ ಬರೀ ನೀರಲ್ಲಿ ಕುದಿಸಲ್ಲ ನಾನು."

ಫೋಟೋ ತೆಗೆದರು. ಸೈಪ್ರೋಸ್ ನಡುವೆ, ಅತ್ತ ಕೆಂಪು ದಾರ, ಇತ್ತ ಬಿಳಿ ದಾರ. ಸುದ್ದಿ ಮಧ್ಯಾಹ್ನಕ್ಕೆ ದಡ ಮುಟ್ಟಿತು. ಮರುದಿನದಿಂದ ಹೆಂಗಸರು ಅವಳ ಒಮೆನಾವನ್ನೇ ಕೇಳಿಕೊಂಡು ಬರತೊಡಗಿದರು. ಚರ್ಚಿನಲ್ಲಿ ಮುಂದಿನ ಸಾಲಿನ ಬೆಂಚು ಅವಳಿಗಾಗಿ ತಾನಾಗಿ ತೆರವಾಯಿತು. ಎದುರು ಮನೆಯ ಪೆರೆಸಳ ಮಗ ಜ್ವರದಲ್ಲಿ ಬಳಲುತ್ತಿದ್ದಾಗ ಸೈಪ್ರೋಸ್ ಹೋಗಿ, "ನೀನ್ ಸರಿಯಾಗಿ ಊಟ ಹಾಕಲ್ಲ, ಅದಕ್ಕೇ," ಎಂದು ಬುದ್ಧಿ ಹೇಳಿ ಬಂದಳು. ಪೆರೆಸ್ ಕಣ್ಣೊರೆಸಿಕೊಂಡು ಒಂದು ಡಬ್ಬ ಒಮೆನಾ ಕೊಂಡಳು.

ಇಲ್ಲಿಯವರೆಗಿನದು ಜಾಣತನ ಎನ್ನಬಹುದು. ಇದರ ಮುಂದೆ ನಡೆದದ್ದಕ್ಕೆ ಆ ಹೆಸರು ಸಲ್ಲದು. ಅಷ್ಟು ಓದಿದವರು, ಅಷ್ಟು ದೂರದಿಂದ ಬಂದವರು, ಮತ್ತೆ ಮತ್ತೆ 'ಇಬ್ಬರ ರಕ್ತವೂ ಗಟ್ಟಿ' ಎಂದು ಹೇಳಿದ್ದನ್ನು ಕೇಳಿ ಕೇಳಿ ಸೈಪ್ರೋಸ್ ಕೂಡ ನಂಬಿಬಿಟ್ಟಳು. ದಾರ ಬದಲಿಸುವ ಕೆಲಸ ಒಂದು ಕಡೆ, ಡಾಕ್ಟರ ಮಾತು ಇನ್ನೊಂದು ಕಡೆ. ಅವಳ ತಲೆಯೊಳಗೆ ಎರಡೂ ಒಂದನ್ನೊಂದು ಭೇಟಿಯಾಗಲಿಲ್ಲ. ಊರನ್ನು ಏಮಾರಿಸಲು ಕಟ್ಟಿದ ಮಾತಿಗೆ ಊರಿಗಿಂತ ಮೊದಲು ಅವಳೇ ಬಿದ್ದಿದ್ದಳು.

ಅಡೊಂಗೊ ಮಧ್ಯಾಹ್ನ ಆಟ ಬಿಟ್ಟು ಚಾಪೆಯ ಮೇಲೆ ಉರುಳಿಕೊಳ್ಳತೊಡಗಿದಳು. ಗೋಡೆಯ ಮಣ್ಣು ಕೆರೆದು ನೆಕ್ಕುತ್ತಿದ್ದಳು. ಲಿಲಿಯನ್ ಆಗ ಮತ್ತೆ ಬಸುರಿ. ಬಸುರಿಯರು ಸಂತೆಯಲ್ಲಿ ಕೊಂಡು ತಿನ್ನುವ ಮೆದುಕಲ್ಲನ್ನು ಅವಳೂ ಸೆರಗಿಗೆ ಕಟ್ಟಿಕೊಂಡಿದ್ದಳು.

"ಅಮ್ಮಾ, ಇವಳು ಬಿಳಿಚಿಕೊಂಡ ಹಾಗೆ ಕಾಣಲ್ವಾ? ಅಂಗೈ ನೋಡಿ."

"ನೀನು ಕಲ್ಲು ಕಡೀತಾ ಕೂತ್ರೆ ಮಗಳು ಗೋಡೆ ನೆಕ್ಕದೆ ಇನ್ನೇನ್ ಮಾಡ್ತಾಳೆ? ರಕ್ತ ಗಟ್ಟಿ ಇದೆ ಅಂತ ಡಾಕ್ಟ್ರೇ ಹೇಳಿದಾರೆ."

ಲಿಲಿಯನ್ ಮಗುವಿನ ಅಂಗೈಯನ್ನು ಮತ್ತೆ ಬಿಡಿಸಿ ಹಿಡಿಯುವಷ್ಟರಲ್ಲಿ ಅತ್ತೆ ಆಗಲೇ ದಡದ ಕಡೆ ನಡೆದಾಗಿತ್ತು.

ದೊಡ್ಡ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಸೈಪ್ರೋಸ್ ಹೊಗೆಗೂಡಿನ ಮುಂದೆ ಮೀನು ಮಗುಚುತ್ತಿದ್ದಳು. ಲಿಲಿಯನ್ ಕೆಸರಿನಲ್ಲಿ ಬರಿಗಾಲಲ್ಲಿ ಬಂದಳು, ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಅಡೊಂಗೊ. ಮಗುವಿನ ತಲೆ ಒಂದು ಕಡೆಗೆ ವಾಲಿತ್ತು. ಉಸಿರು ಓಡಿ ಬಂದ ನಾಯಿಯ ಉಸಿರಿನ ಹಾಗೆ.

"ನಿನ್ನೆಯಿಂದ ಕುದೀತಿದೆ ಮೈ. ಈಗ ಕರೆದ್ರೆ ಓಗೊಡ್ತಿಲ್ಲ."

"ನೆಗಡಿ ಇರ್ಬೇಕು. ಇವಳಿಗೆ ಆ ಜ್ವರ ಬರಲ್ಲ. ಹೋದ ವಾರ ತಾನೆ ರಕ್ತ ನೋಡಿ ಹೇಳಿದ್ರಲ್ಲ, ಏನೂ ಇಲ್ಲ ಅಂತ..."

"ಯಾರ ರಕ್ತ, ಅಮ್ಮಾ?"

ಲಿಲಿಯನ್ ದನಿ ಏರಿಸಿರಲಿಲ್ಲ. ಸೈಪ್ರೋಸ್ ಕೈಯಲ್ಲಿದ್ದ ಮೀನು ಬೆಂಕಿಗೆ ಬಿತ್ತು, ಅದನ್ನು ತೆಗೆಯಬೇಕೆಂದು ಅವಳಿಗೆ ತೋಚಲಿಲ್ಲ. ಮೊಮ್ಮಗಳ ಅಂಗೈ ಬಿಡಿಸಿ ನೋಡಿದಳು. ಒಣಗಿದ ಒಮೆನಾದ ಹೊಟ್ಟೆಯಷ್ಟು ಬಿಳುಪು. ಮಣ್ಣು ಮಾಡಿದ ಆ ಎರಡರ ಅಂಗೈಯೂ ಹೀಗೇ ಇತ್ತು. ಅದನ್ನು ಎಂದೋ ಮರೆತಿದ್ದೇನೆ ಎಂದುಕೊಂಡಿದ್ದಳು.

ಬಾಡಿಗೆ ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಸವಾರ, ಹಿಂದೆ ಲಿಲಿಯನ್, ಕೊನೆಯಲ್ಲಿ ಸೈಪ್ರೋಸ್, ನಡುವೆ ಮಗು. ಕೆಸರಿನಲ್ಲಿ ಜಾರುತ್ತ ಚಿಕಿತ್ಸಾಲಯ ಮುಟ್ಟಿದರು. ಮಳೆಗಾಲದ ಬೆಂಚು ಜ್ವರದ ಮಕ್ಕಳಿಂದ ಕಿಕ್ಕಿರಿದಿತ್ತು. ಬಾಗಿಲಲ್ಲಿದ್ದ ನರ್ಸು ಬಿಳಿ ದಾರ ನೋಡಿ ಗುರುತು ಹಿಡಿದಳು, ಕಂಪ್ಯೂಟರಿನ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಓಹೋ, ನಮ್ಮ ಅವಳಿ! ಹೆದ್ರಬೇಡಿ ಅಮ್ಮಾ, ಹೋದ ವಾರ ಎಲ್ಲ ಸರಿ ಇತ್ತು. ಇವಳು ಗಟ್ಟಿಗಿತ್ತಿ. ಈ ಮಕ್ಕಳನ್ನೆಲ್ಲ ಮೊದಲು ಒಳಗೆ ಕಳಿಸಿ ಆಮೇಲೆ ನಿಮ್ಮನ್ನ ಕರೀತೀನಿ. ಆ ಕೊನೆಗೆ ಕೂತ್ಕೊಳ್ಳಿ."

ಸೈಪ್ರೋಸ್ ಅವಳ ಹತ್ತಿರ ಬಾಗಿ ಪಿಸುಗುಟ್ಟಿದಳು. "ಅದು ಇವಳದಲ್ಲ."

"ಏನು?"

"ಆ ರಕ್ತ. ಇವಳದಲ್ಲ."

ಮಳೆ ತಗಡಿನ ಮಾಡಿನ ಮೇಲೆ ಬಡಿಯುತ್ತಿತ್ತು. "ಕೇಳಿಸ್ಲಿಲ್ಲ, ಅಮ್ಮಾ."

ಆಗ ನ್ಯಾರ್ ಉಯೋಮ ದಡದಲ್ಲಿ ದೋಣಿಗಳನ್ನು ಕೂಗಿ ಕರೆಯುವ ದನಿಯಲ್ಲೇ ಕೂಗಿದಳು. "ಇವಳಕ್ಕನದು! ಒಂದ್ ವರ್ಷದಿಂದ ಎರಡೂ ಅವಳದೇ! ದಾರ ಬದಲಾಯಿಸಿ ಅವಳನ್ನೇ ಎರಡ್ ಸಲ ಕಳಿಸ್ದೆ ನಾನು! ಇವಳ ರಕ್ತ ನೀವ್ ಯಾರೂ ನೋಡೇ ಇಲ್ಲ. ನಾನೂ ನೋಡ್ಲಿಲ್ಲ. ನೋಡಿ ಈಗ!"

ಬೆಂಚಿನ ಮೇಲಿನ ತಾಯಂದಿರೆಲ್ಲ ಇವಳತ್ತ ತಿರುಗಿದರು. ಅಳುತ್ತಿದ್ದ ಮಕ್ಕಳೂ ಕ್ಷಣ ನಿಲ್ಲಿಸಿದವು. ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಪೆರೆಸ್ ಕೇಳಿದಳು: "ಹಾಗಾದ್ರೆ ಒಮೆನಾ ಸಾರು?"

ಅಷ್ಟರಲ್ಲಿ ನರ್ಸು ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವಳೇ ಎತ್ತಿಕೊಂಡು ಒಳಗೆ ಓಡಿದ್ದಳು.

ಮಲೇರಿಯಾ ಅಡೊಂಗೊಳ ರಕ್ತವನ್ನು ತಿಂದು ನೀರು ಮಾಡಿತ್ತು. ಅದೂ ಈ ಒಂದೇ ಜ್ವರದ ಕೆಲಸವಲ್ಲ, ತಿಂಗಳುಗಳಿಂದ ಸದ್ದಿಲ್ಲದೆ ನಡೆದದ್ದು. ವಿಶ್ವವಿದ್ಯಾಲಯದ ಜೀಪಿನಲ್ಲೇ ಜಿಲ್ಲಾ ಆಸ್ಪತ್ರೆಗೆ ಸಾಗಿಸಿದರು. ತಕ್ಷಣ ರಕ್ತ ಕೊಡಬೇಕೆಂದರು. ಆ ಗುಂಪಿನ ರಕ್ತ ಅಲ್ಲಿ ಮುಗಿದಿತ್ತು. ಮಳೆಗಾಲದಲ್ಲಿ ಹೀಗಾಗುವುದು ಹೊಸತೇನಲ್ಲ. ಜೋರಮ್ ದ್ವೀಪದಲ್ಲಿ, ಲಿಲಿಯನ್ ಬಸುರಿ. ಸೈಪ್ರೋಸ್ ಅಂಗಿಯ ತೋಳು ಮಡಿಸಿ ಕೈಯನ್ನು ಮೇಜಿನ ಮೇಲಿಟ್ಟಳು.

"ನನ್ನದು ತಗೊಳ್ಳಿ. ಎಷ್ಟ್ ಬೇಕಾದ್ರೂ."

ಪ್ರಯೋಗಾಲಯದವನು ಬೆರಳು ಚುಚ್ಚಿ, ಒಳಗೆ ಹೋಗಿ, ಹಿಂತಿರುಗಿ ಬಂದು ತಲೆಯಾಡಿಸಿದ. "ಆಗಲ್ಲ, ಅಮ್ಮಾ. ನಿಮ್ಮ ರಕ್ತದಲ್ಲೂ ಹುಳ ಇದೆ."

"ಯಾವ ಹುಳ?"

"ಮಲೇರಿಯಾದ್ದೇ."

"ನನಗಾ?" ಅವಳಿಗೆ ಆ ಸ್ಥಿತಿಯಲ್ಲೂ ರೇಗಿತು. "ನಾನು ಜ್ವರ ಅಂತ ಮಲಗಿದ್ದು ಜೋರಮ್ ಹುಟ್ಟೋಕೆ ಮುಂಚೆ! ಬೆಳಗ್ಗೆಯಿಂದ ಸಂಜೆ ತನಕ ಹೊಗೇಲಿ ನಿಂತಿರ್ತೀನಿ!"

"ಇಲ್ಲಿ ದೊಡ್ಡೋರಲ್ಲಿ ಎಷ್ಟೋ ಜನಕ್ಕೆ ಹೀಗೇ. ಒಳಗಿರತ್ತೆ, ಏನೂ ಮಾಡಲ್ಲ. ಯಾಕೆ ಏನೂ ಮಾಡಲ್ಲ ಅಂತ ಕೇಳೋಕೇ ಅಲ್ವಾ ಆ ಡಾಕ್ಟರಮ್ಮ ನಿಮ್ಮೂರಿಗೆ ಬಂದಿರೋದು."

ಹೀಗೆ ಮೊಮ್ಮಕ್ಕಳ ಬಾಯಲ್ಲಿ ದಾನಿ ಎನ್ನಿಸಿಕೊಂಡವಳ ರಕ್ತ ದಾನಕ್ಕೆ ಬರಲಿಲ್ಲ. ಜೀಪು ನಡೆಸಿಕೊಂಡು ಬಂದಿದ್ದ ಜಬ್ಲೋನ್ ಅಲ್ಲೇ ಗೋಡೆಗೊರಗಿ ನಿಂತಿದ್ದ. ಮೈಮೇಲಿನ ಒದ್ದೆ ಕೋಟು ಬಿಚ್ಚಿ, "ನನ್ನದು ನೋಡಿ," ಎಂದ. ಅವನದು ಹೊಂದಿತು. ಕೊಬೊಂಗೊದಲ್ಲಿ ಒಂದು ಕಾಲಕ್ಕೆ ರಕ್ತಗಳ್ಳ ಎಂದು ಬೈಸಿಕೊಂಡವನು ಮಂಚದ ಮೇಲೆ ಮಲಗಿ ಚೀಲ ತುಂಬುವುದನ್ನು ಸೈಪ್ರೋಸ್ ನೋಡುತ್ತ ನಿಂತಳು. ಅವನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದ ಮಾತುಗಳೆಲ್ಲ ಬೆಸ್ತರನ್ನು ಬೈಯುವಂಥವು, ಬೇರೆ ಮಾತು ರೂಢಿಯಲ್ಲಿರಲಿಲ್ಲ. ಕೊನೆಗೆ ಅವನ ಕೋಟನ್ನು ಎತ್ತಿಕೊಂಡು ಹೊರಗೆ ಹೋಗಿ ಹಿಂಡಿ ಹರವಿ ಬಂದಳು.

ಮಾರನೆಯ ದಿನ ಅಡೊಂಗೊ ಕಣ್ಣು ತೆರೆದು ನೀರು ಕೇಳಿದಳು. ಅದೇ ಮಧ್ಯಾಹ್ನ ಡಾಕ್ಟರ್ ಅಓಕೊ ಬಂದಳು. ಮಗುವನ್ನು ನೋಡಿ, ಹೊರಗಿನ ಬೆಂಚಿನ ಮೇಲೆ ಸೈಪ್ರೋಸಳ ಪಕ್ಕ ಕುಳಿತಳು. ಬೈದುಬಿಟ್ಟರೆ ಒಳ್ಳೆಯದು ಎಂದು ಸೈಪ್ರೋಸ್ ಕಾಯುತ್ತಿದ್ದಳು. ಬೈಗುಳವಾದರೆ ತಿರುಗಿ ಕೊಡಲು ಬರುತ್ತದೆ.

"ಹೋದ ತಿಂಗಳು ನಾನು ಪರದೇಶದಲ್ಲಿದ್ದೆ, ಅಮ್ಮಾ," ಡಾಕ್ಟರ್ ಹೇಳಿದಳು. "ದೊಡ್ಡ ದೊಡ್ಡವರ ಮುಂದೆ ನಿಂತು ಹೇಳಿ ಬಂದೆ. ಎರಡು ಮಕ್ಕಳು, ಒಂದೇ ರಕ್ತ ಅಂತ. ಎಲ್ಲ ಚಪ್ಪಾಳೆ ತಟ್ಟಿದ್ರು."

ಸೈಪ್ರೋಸ್ ಯೋಚಿಸಿದಳು. "ಒಂದೇ ರಕ್ತ ಅನ್ನೋದು ಸುಳ್ಳೇನಲ್ವಲ್ಲ."

ಡಾಕ್ಟರ್ ಅಓಕೊ ತಲೆ ಎತ್ತಿ ನೋಡಿದಳು. ನಗು ಒತ್ತಿ ಹಿಡಿಯಲು ಹೋಗಿ ಆಗದೆ, ನಕ್ಕು, ನಗುನಗುತ್ತಲೇ ಕಣ್ಣಲ್ಲಿ ನೀರು ಬಂದು ಮುಖ ಒರೆಸಿಕೊಂಡಳು. ಆಮೇಲೆ ನಗಲಿಲ್ಲ.

"ಎರಡೇ ಎರಡು ತೊಟ್ಟು ರಕ್ತ. ಅದನ್ನ ನಾವು ತಗೋತಿದ್ದಿದ್ದು ನಮ್ಮ ಪ್ರಶ್ನೆಗಷ್ಟೇ ಅಲ್ಲ, ಅಮ್ಮಾ. ಈ ಮಗುವಿನ ರಕ್ತ ತೆಳ್ಳಗಾಗ್ತಿದೆ ಅಂತ ಮೊದಲ ತಿಂಗಳೇ ಗೊತ್ತಾಗ್ತಿತ್ತು. ಮಾತ್ರೆ ಕೊಟ್ಟಿದ್ರೆ ಮುಗೀತಿತ್ತು."

"ಅವಳು ಅಳ್ತಿದ್ಲು," ಎಂದಳು ಸೈಪ್ರೋಸ್. "ನನಗೆ ನೋಡಕ್ಕಾಗ್ಲಿಲ್ಲ."

"ನಾವೂ ನೋಡ್ಲಿಲ್ಲ," ಎಂದಳು ಡಾಕ್ಟರ್. "ಇಷ್ಟು ಒಂದೇ ಥರ ಇದ್ದಾಗ ಅನುಮಾನ ಬರ್ಬೇಕಿತ್ತು. ಬರ್ಲಿಲ್ಲ. ಬರೋದು ನಮಗೆ ಬೇಕಾಗಿರ್ಲಿಲ್ಲ."

ಅಡೊಂಗೊಳ ನಿಜವಾದ ರಕ್ತವನ್ನು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನೋಟಕ್ಕೆ ಅಷ್ಟೊಂದು ಒಂದೇ ಆಗಿದ್ದ ಹುಡುಗಿಯರು ಒಂದೇ ಬೀಜದಿಂದ ಬಂದವರೇ ಅಲ್ಲ. ಒಟ್ಟಿಗೆ ಹುಟ್ಟಿದ ಬರೀ ಅಕ್ಕತಂಗಿಯರು. ಡಾಕ್ಟರ್ ಇದನ್ನು ಬಿಡಿಸಿ ಹೇಳಿದಾಗ ಸೈಪ್ರೋಸ್ ಅದನ್ನು ಮನೆತನಕ್ಕೆ ಅವಮಾನವೆಂದೇ ತೆಗೆದುಕೊಂಡಳು. ಆದರೆ ಡಾಕ್ಟರಳ ಕಣ್ಣು ಬೇರೆ ರೀತಿ ಮಿನುಗುತ್ತಿತ್ತು. ಒಂದೇ ಹೊಟ್ಟೆ, ಒಂದೇ ಮನೆ, ಒಂದೇ ಊಟ. ಆದರೂ ಒಬ್ಬಳಿಗೆ ಜ್ವರ ತಾಕುವುದಿಲ್ಲ, ಇನ್ನೊಬ್ಬಳನ್ನು ಕೊಲ್ಲಲು ಬರುತ್ತದೆ. ವರ್ಷವಿಡೀ ಸಭೆಗಳಲ್ಲಿ ತಾನು ಕೇಳುತ್ತ ಬಂದ ಪ್ರಶ್ನೆಯೇ ಎರಡು ಲಂಗ ತೊಟ್ಟು ಎದುರಿಗೆ ಕೂತ ಹಾಗಿತ್ತು. ಇಷ್ಟು ದಿನ ಅವಳು ಅದನ್ನು ಹುಡುಕಿದ್ದು ಇಬ್ಬರೂ ಒಂದೇ ಎಂಬುದರಲ್ಲಿ.

ಊರು ಸೈಪ್ರೋಸಳನ್ನು ಸುಲಭಕ್ಕೆ ಬಿಡಲಿಲ್ಲ. ಚರ್ಚಿನ ಮುಂದಿನ ಬೆಂಚು ಮತ್ತೆ ತುಂಬಿಕೊಂಡಿತು. ಒಮೆನಾ ಮೂಟೆಯಲ್ಲೇ ಉಳಿಯಿತು. ದಡದಲ್ಲಿ ಬೆಸ್ತರು, "ನ್ಯಾರ್ ಉಯೋಮಾ, ಈ ಮೀನು ಇದೇ ಮೀನಾ, ಇದರ ಅಕ್ಕಾನಾ?" ಎಂದು ಕೇಳಲು ಧೈರ್ಯ ಮಾಡಿದರು. ಅವಳು ಉತ್ತರ ಕೊಡಲಿಲ್ಲವೆಂದು ಅವರಿಗೇ ಗಾಬರಿಯಾಗಿ ಒಂದು ವಾರದಲ್ಲಿ ನಿಲ್ಲಿಸಿದರು. ಬೈಯದ ನ್ಯಾರ್ ಉಯೋಮಳ ಜೊತೆ ವ್ಯಾಪಾರ ಮಾಡುವುದು ಅವರಿಗೆ ಗೊತ್ತಿರಲಿಲ್ಲ.

ಸಂಶೋಧನೆಯ ಮೇಲೆ ಕಣ್ಣಿಡಲು ಊರಿನಿಂದ ಒಬ್ಬರು ಬೇಕೆಂದು ಮುಂದಿನ ಸಭೆಯಲ್ಲಿ ಕೇಳಿದಾಗ ಎದ್ದು ಹೆಸರು ಹೇಳಿದವಳು ಪೆರೆಸ್. "ನ್ಯಾರ್ ಉಯೋಮಳನ್ನೇ ಹಾಕಿ," ಎಂದಳು. "ಇಷ್ಟು ಜನಕ್ಕೆ ಟೋಪಿ ಹಾಕಿದೋಳಿಗೆ ಇನ್ಯಾರು ಟೋಪಿ ಹಾಕ್ತಾರೆ?" ಜನ ನಕ್ಕರು, ನಕ್ಕು ಕೈಯೆತ್ತಿದರು. ಅದು ಗೌರವವೋ ಶಿಕ್ಷೆಯೋ ಸೈಪ್ರೋಸಳಿಗೆ ತಿಳಿಯಲಿಲ್ಲ. ತಿಳಿಯದ ಕಾರಣ ಒಪ್ಪಿಕೊಂಡಳು.

ಅಂದಿನಿಂದ ಗುಡಾರದ ಬಾಗಿಲಲ್ಲಿ ಅವಳ ಮುಕ್ಕಾಲಿ. ಪ್ರತಿ ಮಗುವಿನ ಗಲ್ಲ ಹಿಡಿದು, ಕಿವಿ ತಿರುಗಿಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಒಳಗೆ ಹೋದ ಜಬ್ಲೋನನಿಗೂ ಬಿಡುವಿಲ್ಲ. "ಎರಡ್ ತೊಟ್ಟು ಅಂದಿದ್ದೆ, ಅದು ಮೂರನೇದು! ಆ ಸೂಜಿ ಹೊಸದಾ? ಪೊಟ್ಟಣ ತೋರಿಸು! ಈ ಮಗೂದು ಹೋದ ತಿಂಗಳಿನ ಫಲಿತಾಂಶ ತಾಯಿಗೆ ಹೇಳಿದ್ಯಾ?" ಊರಿನ ನಾಯಿಗಳಿಗೆ ಹೆದರದ ಜಬ್ಲೋನ್ ತಿಂಗಳ ಆ ದಿನ ಬಂತೆಂದರೆ ಬೆಳಗ್ಗೆಯಿಂದ ಚಹಾ ಕೂಡ ಕುಡಿಯುತ್ತಿರಲಿಲ್ಲ. ಡಾಕ್ಟರ್ ಅಓಕೊಳ ಲುವೊ ಮಾತು ಆ ದಿನಗಳಲ್ಲಿ ಬಹಳ ಸುಧಾರಿಸಿತು, ಅದರಲ್ಲೂ ಜಗಳದ ಮಾತು.

ಅಡೊಂಗೊ ಆಸ್ಪತ್ರೆಯಲ್ಲಿ ಅಷ್ಟು ದಿನ ಚುಚ್ಚಿಸಿಕೊಂಡು ಸೂಜಿಯನ್ನು ಲೆಕ್ಕಕ್ಕೇ ಇಡದವಳಾಗಿದ್ದಳು. ಕಾಯಿಲೆಯ ನಂತರ ಅವಳ ಎತ್ತರ ಅಕ್ಕನಿಗಿಂತ ಹಿಂದೆ ಬಿತ್ತು. ಜೋರಮ್ ಈಗ ಬಂದ ಮೊದಲ ದಿನವೇ ಇಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಅವನಿಗೆ ಅದು ಸಂತೋಷದ ವಿಷಯ. ಅವನ ಬಾಯಿಂದ 'ಅಡೊಂಗೊ' ಎಂದು ಕೇಳಿದಾಗಲೆಲ್ಲ ಸೈಪ್ರೋಸ್ ಎದ್ದು ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಸಂಶೋಧನೆ ಮುಂದೆ ಎರಡು ಮಳೆಗಾಲ ನಡೆಯಿತು. ಮುಗಿದಾಗ ಡಾಕ್ಟರ್ ಅಓಕೊ ಅದೇ ಮರದಡಿ ನಿಂತು ಫಲಿತಾಂಶ ಹೇಳಿದಳು. ಕೆಲವು ವಿಷಯ ತಿಳಿದಿದೆ, ಕೆಲವು ಮೊದಲು ಅಂದುಕೊಂಡ ಹಾಗಿಲ್ಲವೆಂದು ತಿಳಿದಿದೆ, ಮುಖ್ಯವಾದ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರವಿಲ್ಲ. ಜನ ಸೈಪ್ರೋಸಳ ಕಡೆ ನೋಡಿದರು, ಅವಳು ಎದ್ದು ನಿಲ್ಲುತ್ತಾಳೆಂದು.

ಅವಳು ಕೂತಲ್ಲಿಂದಲೇ ಹೇಳಿದಳು: "ಗೊತ್ತಿಲ್ಲ ಅಂತ ಹೇಳಕ್ಕೆ ಇಷ್ಟ್ ದೂರ ಬಂದ್ರಲ್ಲ, ಅದೂ ಒಂದು ಮರ್ಯಾದೆ. ನನಗೆ ಯಾರೂ ಬಂದು ಅಷ್ಟನ್ನೂ ಹೇಳಿರ್ಲಿಲ್ಲ."

ಅದಾದ ಕೆಲವು ದಿನಕ್ಕೆ ಜಬ್ಲೋನ್ ಮತ್ತೆ ಮನೆಗೆ ಬಂದ. ಹೊಸ ಸಂಶೋಧನೆ ಶುರುವಾಗುವುದಿತ್ತು, ಈ ಸಲ ಇನ್ನೂ ಚಿಕ್ಕ ಮಕ್ಕಳದು. ಅವಳಿಗಳ ಬೆನ್ನಿಗೆ ಹುಟ್ಟಿದ ಗಂಡುಮಗು ಒಕೆಲ್ಲೊ ಅಂಗಳದಲ್ಲಿ ಮೇಕೆಯ ಬಾಲ ಹಿಡಿದು ಎಳೆಯುತ್ತಿದ್ದ. ಜಬ್ಲೋನ್ ರೂಢಿಯಂತೆ ಸೈಪ್ರೋಸಳ ಮುಂದೆ ಟೋಪಿ ತೆಗೆದು ಕೂತು, "ಅಮ್ಮಾ, ನೀವು ಒಪ್ಪೋದಾದ್ರೆ..." ಎಂದು ಶುರುಮಾಡಿದ.

"ಜಬ್ಲೋನ್," ಅಡುಗೆ ಗುಡಿಸಲ ಬಾಗಿಲಿಂದ ಲಿಲಿಯನ್ ಕರೆದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಇನ್ನೊಂದು ಮುಕ್ಕಾಲಿ ಎಳೆದು ಅವನ ಎದುರಿಗೆ ಹಾಕಿಕೊಂಡು ಕುಳಿತಳು. "ಹೆತ್ತೋಳು ನಾನು. ನನಗೆ ಹೇಳು. ಏನ್ ತಗೋತೀರಿ, ಯಾಕ್ ತಗೋತೀರಿ, ಏನಾದ್ರೂ ಹೆಚ್ಚುಕಡಿಮೆ ಕಂಡ್ರೆ ನನಗೆ ಯಾರು, ಯಾವತ್ತು ಬಂದು ಹೇಳ್ತಾರೆ? ಎಲ್ಲ ಹೇಳು. ಆಮೇಲೆ ಯೋಚನೆ ಮಾಡ್ತೀನಿ."

ಜಬ್ಲೋನ್ ಸೈಪ್ರೋಸಳ ಮುಖ ನೋಡಿದ. ಸೊಸೆ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ನನ್ನನ್ನ ಯಾಕ್ ನೋಡ್ತೀಯ?" ಎಂದಳು. "ಅವಳು ಕೇಳ್ತಿದಾಳಲ್ಲ, ಹೇಳು."

ಮತ್ತೆ ಹುರುಳಿ ಆರಿಸುವ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡು, ಕಲ್ಲು ಹೆಕ್ಕುತ್ತ, ಒಂದು ಮಾತೂ ತಪ್ಪಿಸಿಕೊಳ್ಳದ ಹಾಗೆ ಕೇಳುತ್ತ ಕೂತಳು.